ಒಂದೇ ಹಾಳೆ, ಬೇರೆ ಬೇರೆ ಸ್ವಭಾವ

ಸೊಂಟನೋವೆಂದು ಫಿಸಿಯೋಥೆರಪಿಗೆ ಹೋದವರ ಕೈಗೆ ಸಾಮಾನ್ಯವಾಗಿ ಒಂದು ಹಾಳೆ ಸಿಗುತ್ತದೆ. ಅಂಗಾತ ಮಲಗಿ ಮಂಡಿಯನ್ನು ಎದೆಗೆ ಎಳೆದುಕೊಳ್ಳುವುದು, ಮಂಡಿ ಮಡಚಿ ಸೊಂಟ ಮೇಲೆತ್ತುವುದು, ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು, ಹೀಗೆ ಐದಾರು ಗೆರೆಚಿತ್ರ. ಪಕ್ಕದಲ್ಲಿ ಪೆನ್ನಿನಿಂದ ‘ಹತ್ತು ಸಲ, ಎರಡು ಹೊತ್ತು’ ಎಂದು ಬರೆದಿರುತ್ತದೆ. ಹಾಳೆ ಎಲ್ಲರಿಗೂ ಒಂದೇ. ಅದನ್ನು ಮನೆಗೆ ಒಯ್ಯುವವರು ಮಾತ್ರ ಒಂದೇ ಥರ ಇರುವುದಿಲ್ಲ. ಒಬ್ಬರು ಮೂರನೇ ಸಲಕ್ಕೆ ಸೊಂಟದಲ್ಲಿ ಚಳುಕು ಬಂದ ಕೂಡಲೇ, ಇದರಿಂದ ಇನ್ನೇನು ಅನಾಹುತವಾದೀತೋ ಎಂದು ಹೆದರಿ, ಹಾಳೆಯನ್ನು ಮಡಚಿ ಬೀರುವಿಗೆ ಸೇರಿಸುತ್ತಾರೆ. ಇನ್ನೊಬ್ಬರು ಹತ್ತರಿಂದ ಗುಣವಾಗುವುದಾದರೆ ನಲವತ್ತರಿಂದ ಬೇಗ ಗುಣವಾಗಲಿ ಎಂದು ಹಲ್ಲು ಕಚ್ಚಿ ಮಾಡಿ, ಮರುದಿನ ಹಾಸಿಗೆಯಿಂದ ಏಳಲಾರದೆ ನರಳುತ್ತಾರೆ. ತಿಂಗಳ ನಂತರ ಇಬ್ಬರೂ ಬಂದು ‘ಏನೂ ಕಡಿಮೆಯಾಗಿಲ್ಲ’ ಎನ್ನುತ್ತಾರೆ. ಇಬ್ಬರ ಕಡತದಲ್ಲೂ ‘ವ್ಯಾಯಾಮದಿಂದ ಪ್ರಯೋಜನವಾಗಿಲ್ಲ’ ಎಂಬ ಒಂದೇ ವಾಕ್ಯ ಸೇರುತ್ತದೆ. ಸ್ನಾಯು ಮತ್ತು ಕೀಲುಗಳ ನೋವಿನಲ್ಲಿ ರೋಗಿಯ ಸ್ವಭಾವವೂ ಲೆಕ್ಕಕ್ಕೆ ಬರಬೇಕು ಎಂಬ ವಾದ ಹುಟ್ಟುವುದು ಇಲ್ಲಿಂದ. ಸ್ವಭಾವವೇ ನೋವಿನ ಮೂಲ ಎಂದು ನಾನು ಹೇಳಲು ಹೊರಟಿಲ್ಲ. ಔಷಧದ ಪ್ರಮಾಣವನ್ನು ವಯಸ್ಸು, ತೂಕ ನೋಡಿ ಗೊತ್ತುಮಾಡುವಂತೆ, ವ್ಯಾಯಾಮದ ಪ್ರಮಾಣವನ್ನೂ ಅದರ ಜೊತೆ ಆಡುವ ಮಾತನ್ನೂ ರೋಗಿಯ ಸ್ವಭಾವ ನೋಡಿ ಗೊತ್ತುಮಾಡಬೇಕು ಎಂಬುದಷ್ಟೇ ನನ್ನ ವಾದ.

ಇದನ್ನು ಒಪ್ಪಲು ಮೊದಲ ಅಡ್ಡಿ ಎಂಆರ್‌ಐ ಚಿತ್ರ. ಅದರಲ್ಲಿ ಎಲ್ಲವೂ ಕಾಣುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ‘ಡಿಸ್ಕ್ ಜಾರಿದೆ’, ‘ಮೂಳೆ ಸವೆದಿದೆ’, ‘ಗ್ಯಾಪ್ ಬಂದಿದೆ’, ‘ನರ ಹಿಡಿದಿದೆ’ ಎಂಬ ಮಾತುಗಳು ಈಗ ಮದುವೆ ಮನೆಯ ಪಂಕ್ತಿಯಲ್ಲೂ ಕೇಳಿಬರುತ್ತವೆ. ಆದರೆ ನೋವೇ ಇಲ್ಲದವರ ಬೆನ್ನಿನ ಚಿತ್ರ ತೆಗೆದರೆ ಏನು ಕಾಣುತ್ತದೆ? 33 ಅಧ್ಯಯನಗಳಲ್ಲಿ ಸೇರಿದ್ದ 3,110 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇದಕ್ಕೆ ಉತ್ತರ ಕೊಟ್ಟಿತು. ಇವರ್ಯಾರಿಗೂ ಬೆನ್ನುನೋವು ಇರಲಿಲ್ಲ. ಆದರೂ ಇಪ್ಪತ್ತರ ಪ್ರಾಯದವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತವಿತ್ತು. ಎಂಬತ್ತರ ವಯಸ್ಸಿನವರಲ್ಲಿ ಅದು ಶೇ 96. ಡಿಸ್ಕ್ ಉಬ್ಬಿಕೊಂಡಿರುವುದು ಇಪ್ಪತ್ತರವರಲ್ಲಿ ಶೇ 30, ಎಂಬತ್ತರವರಲ್ಲಿ ಶೇ 84. ಸವೆತ ಬಹುಮಟ್ಟಿಗೆ ಕೂದಲು ನರೆತಷ್ಟೇ ಸಹಜ ಎಂದಾಯಿತು. ಚಿತ್ರಕ್ಕೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಮೂತ್ರ, ಮಲದ ಮೇಲೆ ಹಿಡಿತ ತಪ್ಪುವುದು, ಕಾಲಿನ ಶಕ್ತಿ ಕುಂದುತ್ತ ಹೋಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿರುವುದು, ಜೋರಾಗಿ ಬಿದ್ದು ಪೆಟ್ಟಾಗಿರುವುದು ಇವುಗಳಲ್ಲಿ ಯಾವುದಿದ್ದರೂ ಸ್ವಭಾವದ ಚರ್ಚೆ ಬದಿಗಿಟ್ಟು ಮೊದಲು ವೈದ್ಯರ ಬಳಿ ಓಡಬೇಕು. ಅಂಥ ಸೂಚನೆಗಳಿರುವವರ ಸಂಖ್ಯೆ ಸಣ್ಣದು. ಉಳಿದ ಬಹುಪಾಲು ಜನರಲ್ಲಿ, ಯಾರ ನೋವು ಆರು ವಾರದಲ್ಲಿ ಇಳಿಯುತ್ತದೆ, ಯಾರದು ಆರು ವರ್ಷ ಕಾಡುತ್ತದೆ ಎಂಬುದನ್ನು ಚಿತ್ರ ಹೇಳಲಾರದು.

ಹಾಗಾದರೆ ಬೇರೆ ಯಾವುದು ಹೇಳುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಸ್ಟ್ಯಾನ್ಲಿ ಬಿಗೋಸ್ ತಂಡದ ಕೆಲಸ ಇಂದಿಗೂ ಉಲ್ಲೇಖವಾಗುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯ 3,020 ಕಾರ್ಮಿಕರನ್ನು ಅವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಬೆನ್ನಿನ ಬಲ, ಬಾಗುವಿಕೆ, ಎತ್ತುವ ಶಕ್ತಿ ಎಲ್ಲವನ್ನೂ ಮೊದಲೇ ಅಳೆದಿದ್ದರು. ಜೊತೆಗೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಸಿದ್ಧ ವ್ಯಕ್ತಿತ್ವ ಪರೀಕ್ಷೆಯನ್ನೂ ಮಾಡಿದ್ದರು. ಆ ಅವಧಿಯಲ್ಲಿ 279 ಮಂದಿ ಬೆನ್ನುನೋವೆಂದು ವರದಿ ಮಾಡಿದರು. 1991ರಲ್ಲಿ ಫಲಿತಾಂಶ ಪ್ರಕಟವಾದಾಗ ಅಳತೆಪಟ್ಟಿ ಹಿಡಿದಿದ್ದವರಿಗೆ ನಿರಾಸೆ ಕಾದಿತ್ತು. ಹಿಂದೆ ನೋವು ಬಂದಿತ್ತೇ ಎಂಬುದನ್ನು ಬಿಟ್ಟರೆ, ಯಾರು ವರದಿ ಮಾಡುತ್ತಾರೆಂಬ ಸುಳಿವನ್ನು ಹೆಚ್ಚು ಕೊಟ್ಟದ್ದು ಕೆಲಸದ ಬಗೆಗಿನ ಭಾವನೆ ಮತ್ತು ವ್ಯಕ್ತಿತ್ವ ಪರೀಕ್ಷೆಯ ಕೆಲವು ಉತ್ತರಗಳು. ತಮ್ಮ ಕೆಲಸ ತಮಗೆ ಇಷ್ಟವಾಗುವುದೇ ಅಪರೂಪ ಎಂದವರು ನೋವಿನ ವರದಿ ಮಾಡುವ ಸಾಧ್ಯತೆ, ಕೆಲಸವನ್ನು ಬಹುತೇಕ ಸದಾ ಇಷ್ಟಪಡುವವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಇಲ್ಲೊಂದು ಎಚ್ಚರ ಬೇಕು: ಈ ಅಧ್ಯಯನ ಅಳೆದದ್ದು ನೋವು ಹುಟ್ಟುವುದನ್ನಲ್ಲ, ನೋವಿದೆ ಎಂದು ಹೇಳಿಕೊಳ್ಳುವುದನ್ನು. ಜೊತೆಗೆ ಈ ಸುಳಿವುಗಳೆಲ್ಲ ಕೂಡಿದರೂ ಒಟ್ಟು ಕಥೆಯ ಸಣ್ಣ ಭಾಗವನ್ನಷ್ಟೇ ವಿವರಿಸುತ್ತವೆ. ಆದರೂ ಸ್ವಭಾವವನ್ನು ಅಳೆದದ್ದು ಮೊದಲು, ವರದಿ ಬಂದದ್ದು ನಂತರ ಎಂಬ ಕ್ರಮ ಮುಂದಿನ ಚರ್ಚೆಗೆ ಮುಖ್ಯ.

ಸ್ವಭಾವ ಸ್ನಾಯುವಿನೊಳಗೆ ಇಳಿಯುವ ಬಗೆಯನ್ನು ಹತ್ತಿರದಿಂದ ನೋಡಬಹುದು. ಆರೋಗ್ಯವಂತರು ನಿಂತಲ್ಲಿಂದ ಮುಂದಕ್ಕೆ ಬಗ್ಗಿ ಕೈಯನ್ನು ನೆಲದತ್ತ ಬಿಟ್ಟಾಗ, ಬೆನ್ನುಮೂಳೆಯ ಎರಡೂ ಬದಿಯ ಉದ್ದ ಸ್ನಾಯುಗಳು ಮೊದಲು ಬಿಗಿಯಾಗಿ ಕೆಲಸ ಮಾಡುತ್ತವೆ. ಪೂರ್ತಿ ಬಗ್ಗಿದ ಮೇಲೆ ಸುಮ್ಮನಾಗುತ್ತವೆ. ಚರ್ಮದ ಮೇಲೆ ವಿದ್ಯುತ್ ಸಂಕೇತ ಹಿಡಿಯುವ ತಂತಿ ಅಂಟಿಸಿದರೆ, ಏರಿದ ಗೆರೆ ತಟ್ಟನೆ ಸಪಾಟಾಗುವುದು ಪರದೆಯ ಮೇಲೆ ಕಾಣುತ್ತದೆ. ಆ ಹೊತ್ತಿನಲ್ಲಿ ದೇಹದ ಭಾರವನ್ನು ಅಸ್ಥಿರಜ್ಜುಗಳೂ ಕೀಲುಗಳೂ ಹೊರುತ್ತವೆ, ಸ್ನಾಯುವಿಗೆ ವಿಶ್ರಾಂತಿ. ದೀರ್ಘಕಾಲದ ಬೆನ್ನುನೋವಿರುವ ಅನೇಕರಲ್ಲಿ ಈ ಗೆರೆ ಸಪಾಟಾಗುವುದೇ ಇಲ್ಲ. ಬಗ್ಗಿದರೆ ಬೆನ್ನಿಗೆ ಹಾನಿ ಎಂದು ನಂಬಿದವರಲ್ಲಿ ಈ ಬಿಗಿತ ಹೆಚ್ಚು ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಅಂದರೆ ಹೆದರಿದವರು ಬಗ್ಗುವುದು ಉಸಿರು ಬಿಗಿಹಿಡಿದು, ಬೆನ್ನನ್ನು ಹಲಗೆಯಂತೆ ಸೆಟೆಸಿಕೊಂಡು; ಬಿಡುವೇ ಇಲ್ಲದೆ ದುಡಿದ ಸ್ನಾಯು ಸಂಜೆಗೆ ನೋಯುತ್ತದೆ; ನೋಡಿ, ಬಗ್ಗಿದ್ದಕ್ಕೇ ಹೀಗಾಯಿತು ಎಂದು ಹೆದರಿಕೆಗೆ ಇನ್ನೊಂದು ಸಾಕ್ಷಿ ಸಿಗುತ್ತದೆ.

ಈ ಸುಳಿಯನ್ನು ಬೆಲ್ಜಿಯಂ ಮೂಲದ ಯೋಹಾನ್ ವ್ಲಾಯೆನ್ ಮತ್ತು ಸ್ವೀಡನ್ನಿನ ಸ್ಟೀವನ್ ಲಿಂಟನ್ 2000ದಲ್ಲಿ ವಿವರವಾಗಿ ಮುಂದಿಟ್ಟರು. ನೋವು ಬಂದಾಗ ಕೆಟ್ಟದ್ದನ್ನೇ ಊಹಿಸುವವರು ಚಲನೆಗೆ ಹೆದರುತ್ತಾರೆ. ಹೆದರಿದವರು ಬಗ್ಗುವುದು, ಎತ್ತುವುದು, ಕೊನೆಗೆ ಹೊರಗೆ ಹೋಗುವುದನ್ನೂ ಬಿಡುತ್ತಾರೆ. ಬಳಕೆ ತಪ್ಪಿದ ದೇಹ ಸೊರಗುತ್ತದೆ, ಮನಸ್ಸು ಕುಗ್ಗುತ್ತದೆ, ನೋವು ಇನ್ನಷ್ಟು ಎದ್ದು ಕಾಣುತ್ತದೆ. ಹೆದರಿಕೆಯನ್ನು ಅಳೆಯಲು ಹದಿನೇಳು ಪ್ರಶ್ನೆಗಳ ಟ್ಯಾಂಪಾ ಮಾಪಕವಿದೆ. ಕೆಟ್ಟದ್ದನ್ನು ಊಹಿಸುವ ಪ್ರವೃತ್ತಿಗೆ ಕೆನಡಾದ ಮೈಕೆಲ್ ಸಲಿವನ್ 1995ರಲ್ಲಿ ರೂಪಿಸಿದ ಹದಿಮೂರು ಹೇಳಿಕೆಗಳ ಮಾಪಕವಿದೆ. ವ್ಯಕ್ತಿತ್ವದ ಐದು ಮುಖ್ಯ ಗುಣಗಳಲ್ಲಿ ಒಂದಾದ ಭಾವನಾತ್ಮಕ ಅಸ್ಥಿರತೆ, ಅಂದರೆ ಸಣ್ಣದಕ್ಕೂ ಬೇಗ ಆತಂಕಗೊಳ್ಳುವ ಸ್ವಭಾವ ಹೆಚ್ಚಿರುವವರು ಈ ಎರಡೂ ಮಾಪಕಗಳಲ್ಲಿ ಹೆಚ್ಚು ಅಂಕ ಪಡೆಯುವ ಸಂಭವವಿದೆ. ಸ್ವಭಾವ ನೇರವಾಗಿ ಡಿಸ್ಕಿನ ಮೇಲೆ ಕೈಹಾಕುವುದಿಲ್ಲ. ನಂಬಿಕೆ, ಹೆದರಿಕೆ, ನಡವಳಿಕೆ ಎಂಬ ಮೆಟ್ಟಿಲುಗಳ ಮೂಲಕ ಸ್ನಾಯುವಿಗೆ ಇಳಿಯುತ್ತದೆ. ಆ ಮೆಟ್ಟಿಲುಗಳಲ್ಲಿ ಎಲ್ಲಿ ಬೇಕಾದರೂ ಅದನ್ನು ತಡೆಯಬಹುದು ಎಂಬುದೇ ಚಿಕಿತ್ಸೆಗೆ ಆಸೆ ಹುಟ್ಟಿಸುವ ಸಂಗತಿ.

ಹೆದರುವವರ ಬಗ್ಗೆ ಇಷ್ಟೆಲ್ಲ ಬರೆದಾದ ಮೇಲೆ, ಎದೆಗಾರರೇ ಬೇಗ ಗುಣವಾಗುತ್ತಾರೆ ಎಂದುಕೊಳ್ಳುವುದು ಸುಲಭ. ಅದು ಸರಿಯಲ್ಲ. ಜರ್ಮನಿಯ ಮೋನಿಕಾ ಹಾಸೆನ್‌ಬ್ರಿಂಗ್ ದಶಕಗಳಿಂದ ಹೇಳುತ್ತ ಬಂದಿರುವಂತೆ, ನೋವನ್ನು ಕಡೆಗಣಿಸಿ ಮುನ್ನುಗ್ಗುವ ಸ್ವಭಾವವೂ ದೀರ್ಘಕಾಲದ ನೋವಿಗೆ ದಾರಿಯಾಗಬಲ್ಲದು. ಇವರು ವ್ಯಾಯಾಮ ತಪ್ಪಿಸುವುದಿಲ್ಲ, ವಿಶ್ರಾಂತಿ ತಪ್ಪಿಸುತ್ತಾರೆ. ನೋವಿಲ್ಲದ ದಿನ ಇಡೀ ವಾರದ ಕೆಲಸ ಮುಗಿಸಿ, ಮರುದಿನದಿಂದ ಮೂರು ದಿನ ಮಲಗುತ್ತಾರೆ. ಎದ್ದ ಮೇಲೆ ಉಳಿದ ಕೆಲಸಕ್ಕಾಗಿ ಮತ್ತೆ ಅದೇ ಓಟ. ನಮ್ಮ ಮನೆಗಳಲ್ಲಿ ಇಂಥವರಿಗೆ ಮೆಚ್ಚುಗೆಯೂ ಸಿಗುತ್ತದೆ, ‘ಎಷ್ಟು ನೋವಿದ್ದರೂ ಕೆಲಸ ಬಿಟ್ಟವಳಲ್ಲ’ ಎಂದು. ಚಿಕಿತ್ಸೆ ಕೊಡುವವರಿಗೆ ಈ ರೋಗಿ ಮೇಲ್ನೋಟಕ್ಕೆ ಬಹಳ ಇಷ್ಟವಾಗುತ್ತಾರೆ. ಹೇಳಿದ್ದಕ್ಕಿಂತ ಹೆಚ್ಚೇ ಮಾಡುತ್ತಾರಲ್ಲ! ಇವರಿಗೆ ‘ನೋವಾದರೂ ಮುಂದುವರಿಸಿ, ಹೆದರಬೇಡಿ’ ಎನ್ನುವುದು ಉರಿಯುವ ಬೆಂಕಿಗೆ ತುಪ್ಪ. ಇವರಿಗೆ ಬೇಕಾದದ್ದು ಮಿತಿ: ಚೆನ್ನಾಗಿರುವ ದಿನವೂ ಹತ್ತೇ ಸಲ, ಕೆಟ್ಟ ದಿನವೂ ಹತ್ತು ಸಲ, ನೋವು ಹೇಳಿದಂತಲ್ಲ, ಗಡಿಯಾರ ಹೇಳಿದಂತೆ. ಅದೇ ಹೆದರುವವರಿಗೆ ಬೇಕಾದದ್ದು ಬಗ್ಗಿದರೂ ಏನೂ ಆಗುವುದಿಲ್ಲ ಎಂಬ ಅನುಭವ. ಒಂದೇ ನೋವು, ಎರಡು ವಿರುದ್ಧ ಸಲಹೆ. ಅದಲುಬದಲಾದರೆ ಎರಡೂ ಕೆಡುತ್ತವೆ.

ಇನ್ನೆರಡು ಗುಣಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಅಚ್ಚುಕಟ್ಟಿನ ಸ್ವಭಾವದವರು ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ತಪ್ಪದೆ ಮಾಡುವ ಸಂಭವ ಹೆಚ್ಚು, ಇದರಲ್ಲಿ ಅಚ್ಚರಿಯೇನಿಲ್ಲ. ಗುಣವಾಗುವುದು ತನ್ನ ಕೈಯಲ್ಲಿದೆಯೋ, ಡಾಕ್ಟರ ಕೈಯಲ್ಲೋ, ಹಣೆಬರಹದಲ್ಲೋ ಎಂಬ ನಂಬಿಕೆ ಇನ್ನೂ ಸೂಕ್ಷ್ಮವಾದದ್ದು. ಮನೋವಿಜ್ಞಾನಿ ಜೂಲಿಯನ್ ರಾಟರ್ 1966ರಲ್ಲಿ ಇದನ್ನು ಅಳೆಯಲು ಹೊರಟ ಮೇಲೆ ನೋವಿನ ಚಿಕಿತ್ಸೆಯಲ್ಲೂ ಅದರ ಬಳಕೆಯಾಯಿತು. ಗುಣವಾಗುವುದು ಬೇರೆಯವರ ಕೈಯಲ್ಲಿದೆ ಎಂದು ನಂಬಿದವರಿಗೆ ಕರೆಂಟ್ ಕೊಡುವ ಯಂತ್ರ, ಬಿಸಿ ಶಾಖ, ಬೆಲ್ಟು ಇಷ್ಟವಾಗುತ್ತವೆ, ಏಕೆಂದರೆ ಅವುಗಳಲ್ಲಿ ರೋಗಿ ಸುಮ್ಮನೆ ಮಲಗಿದರೆ ಸಾಕು. ಅವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ‘ನೀವು ಏನೂ ಮಾಡಬೇಡಿ, ನಾವು ನೋಡಿಕೊಳ್ಳುತ್ತೇವೆ’ ಎಂದು ವರ್ಷಗಟ್ಟಲೆ ಅವರಿಗೆ ಕಲಿಸಿದವರು ನಾವೇ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಗಂಭೀರವಾದದ್ದು: ಇದೆಲ್ಲ ಸುತ್ತಿ ಬಳಸಿ ರೋಗಿಯನ್ನೇ ದೂರುವುದಲ್ಲವೇ? ಇತಿಹಾಸ ನೋಡಿದರೆ ಈ ಅನುಮಾನಕ್ಕೆ ತಕ್ಕ ಕಾರಣವಿದೆ. 1959ರಲ್ಲಿ ಅಮೆರಿಕದ ಜಾರ್ಜ್ ಎಂಗೆಲ್ ‘ನೋವಿಗೆ ಒಲಿದ ರೋಗಿ’ ಎಂಬ ಅರ್ಥದ ಕಲ್ಪನೆಯೊಂದನ್ನು ಮುಂದಿಟ್ಟರು. ಅಪರಾಧಿ ಪ್ರಜ್ಞೆ ತುಂಬಿದ, ನೋವಿನಲ್ಲೇ ಸಮಾಧಾನ ಕಾಣುವ ವ್ಯಕ್ತಿತ್ವವೊಂದಿದೆ ಎಂಬುದು ಅದರ ತಿರುಳು. ಅಂಥ ಪ್ರತ್ಯೇಕ ವ್ಯಕ್ತಿತ್ವವಿದೆ ಎಂಬುದಕ್ಕೆ ಮುಂದಿನ ಸಂಶೋಧನೆಯಲ್ಲಿ ಗಟ್ಟಿ ಆಧಾರ ಸಿಗಲಿಲ್ಲ. ಆದರೆ ‘ನೋವೆಲ್ಲ ತಲೆಯಲ್ಲಿದೆ’ ಎಂಬ ಮಾತು ಚಿಕಿತ್ಸಾಲಯಗಳಲ್ಲಿ ಉಳಿಯಿತು, ಹೆಂಗಸರ ಕಿವಿಗೆ ಹೆಚ್ಚಾಗಿ ಬಿತ್ತು. ಅದೇ ಎಂಗೆಲ್ 1977ರಲ್ಲಿ ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕೆಂಬ ಮಾದರಿಯನ್ನು ಕೊಟ್ಟರು. ಇಂದಿನ ನೋವಿನ ಚಿಕಿತ್ಸೆ ನಿಂತಿರುವುದು ಅದರ ಮೇಲೆ. ಹಳೆಯ ನೋಟ ಸ್ವಭಾವವನ್ನು ತೀರ್ಪಾಗಿ ಬಳಸಿತು. ಈಗ ಕೇಳುತ್ತಿರುವುದು ಅದನ್ನು ಮಾಹಿತಿಯಾಗಿ ಬಳಸಿ ಎಂದು. ಒಬ್ಬರು ಆತಂಕದ ಸ್ವಭಾವದವರೆಂದು ತಿಳಿದ ಮೇಲೆ ಚಿಕಿತ್ಸಕರ ಕೆಲಸ ಹೆಚ್ಚಾಗಬೇಕು, ರೋಗಿಯ ಮೇಲಿನ ಆರೋಪ ಹೆಚ್ಚಾಗಬಾರದು. ಚೀಟಿಯಲ್ಲಿ ಬರೆದ ‘ಆತಂಕದ ಸ್ವಭಾವ’ ಎಂಬ ಟಿಪ್ಪಣಿಯಿಂದ ಮುಂದಿನ ಚಿಕಿತ್ಸೆಯಲ್ಲಿ ಏನೂ ಬದಲಾಗದಿದ್ದರೆ ಆ ಟಿಪ್ಪಣಿ ಬೈಗುಳವೇ ಸರಿ.

ಇನ್ನೊಂದು ಆಕ್ಷೇಪ ಕಾರಣ ಯಾವುದು, ಪರಿಣಾಮ ಯಾವುದು ಎಂಬುದರದು. ವರ್ಷಗಟ್ಟಲೆ ನೋವು ತಿಂದವರು ಆತಂಕದವರಾಗದೆ ಇನ್ನೇನಾದಾರು? ಈ ಆಕ್ಷೇಪಕ್ಕೆ ಬಲವಾದ ಸಾಕ್ಷಿಯೇ ಇದೆ. ವಾಹನ ಅಪಘಾತದಲ್ಲಿ ಕುತ್ತಿಗೆ ಜಗ್ಗಿ ದೀರ್ಘಕಾಲದ ನೋವಿಗೆ ತುತ್ತಾದ 17 ಜನರ ಮೇಲೆ ಆಸ್ಟ್ರೇಲಿಯಾದ ಸಂಶೋಧಕರು ಪ್ರಯೋಗವೊಂದನ್ನು ನಡೆಸಿ 1997ರಲ್ಲಿ ಪ್ರಕಟಿಸಿದರು. ಕೆಲವರಿಗೆ ನೋವಿನ ನರವನ್ನು ರೇಡಿಯೋ ತರಂಗದ ಬಿಸಿಯಿಂದ ಸುಟ್ಟರು, ಉಳಿದವರಿಗೆ ಹಾಗೆ ಮಾಡಿದಂತೆ ನಟಿಸಿದರು. ಯಾರ ನೋವು ನಿಜವಾಗಿ ಹೋಯಿತೋ ಅವರ ಮಾನಸಿಕ ತಳಮಳವೂ ಹೋಯಿತು, ಯಾವ ಆಪ್ತಸಮಾಲೋಚನೆಯೂ ಇಲ್ಲದೆ. ಪ್ರಯೋಗ ಸಣ್ಣದು, ಪಾಠ ದೊಡ್ಡದು: ನೋವಿನ ನಡುವೆ ಇರುವವರನ್ನು ಅಳೆದು ‘ಇದು ಇವರ ಸ್ವಭಾವ’ ಎಂದು ಬರೆಯುವುದು ಅವಸರದ ಕೆಲಸ. ನೋವಿಗೆ ಮೊದಲೇ ಅಳೆದ ಬೋಯಿಂಗ್‌ನಂಥ ಅಧ್ಯಯನ ಬೇಕಾಗುವುದು ಇದಕ್ಕೇ. ಎರಡನ್ನೂ ಜೊತೆಗಿಟ್ಟರೆ, ಸ್ವಭಾವ ಸ್ವಲ್ಪಮಟ್ಟಿಗೆ ಮೊದಲೇ ಇರುತ್ತದೆ, ಬಹಳಷ್ಟನ್ನು ನೋವು ಸೇರಿಸುತ್ತದೆ ಎನ್ನಬೇಕಾಗುತ್ತದೆ. ಚಿಕಿತ್ಸೆಗೆ ಇದರಿಂದ ತೊಡಕಿಲ್ಲ. ಹೆದರಿಕೆ ಹುಟ್ಟಿನಿಂದ ಬಂದದ್ದಾದರೂ, ಎರಡು ವರ್ಷದ ನೋವಿನಿಂದ ಬಂದದ್ದಾದರೂ, ಇವತ್ತು ಬಗ್ಗಲು ಬಿಡದಿರುವುದು ಅದೇ.

ಇದಕ್ಕೆ ಅಂಟಿಕೊಂಡೇ ಬಡತನದ ಪ್ರಶ್ನೆಯೂ ಇದೆ. ಎಪಿಎಂಸಿ ಅಂಗಳದಲ್ಲಿ ಮೂಟೆ ಹೊರುವ ಹಮಾಲಿಯೋ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಾಗಿ ಕೂರುವ ಹೆಣ್ಣುಮಗಳೋ ನೋವು ನುಂಗಿ ದುಡಿಯುವುದು ಎದೆಗಾರಿಕೆಯ ಸ್ವಭಾವದಿಂದಲ್ಲ. ಆ ದಿನದ ಕೂಲಿ ತಪ್ಪಬಾರದೆಂದು. ಅಲ್ಲಿ ಸ್ವಭಾವದ ಮಾಪಕ ಹಿಡಿದು ಹೋಗುವುದು ಕ್ರೂರ ತಮಾಷೆಯಾಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳಲ್ಲಿ ‘ಎರಡು ದಿನ ಕೆಲಸಕ್ಕೆ ಹೋಗದಿದ್ದರೆ ಏನಾಗುತ್ತದೆ?’ ಎಂಬುದೂ ಇರಲೇಬೇಕು.

ಸ್ವಭಾವವನ್ನು ಬದಲಾಯಿಸಲಾಗದು, ಹಾಗಿದ್ದ ಮೇಲೆ ತಿಳಿದು ಏನು ಪ್ರಯೋಜನ ಎನ್ನುವವರಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಅವರ ಬೆನ್ನಿಗಿದೆ. ಆದರೆ 207 ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮನೋಚಿಕಿತ್ಸೆ ಮುಂತಾದವುಗಳಿಂದ ಕೆಲವೇ ತಿಂಗಳಲ್ಲಿ ವ್ಯಕ್ತಿತ್ವದ ಗುಣಗಳು ಗಮನಾರ್ಹವಾಗಿ ಬದಲಾಗುತ್ತವೆಂದೂ, ಹೆಚ್ಚು ಬದಲಾಗುವುದು ಭಾವನಾತ್ಮಕ ಅಸ್ಥಿರತೆಯೇ ಎಂದೂ ತೋರಿಸಿತು. ನನ್ನ ಮಟ್ಟಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ವ್ಲಾಯೆನ್ ತಂಡ ರೋಗಿಗಳ ಕೈಗೆ ದಿನನಿತ್ಯದ ಕೆಲಸಗಳ ಫೋಟೋಗಳನ್ನು ಕೊಡುತ್ತಿತ್ತು: ಬಕೆಟ್ ಎತ್ತುವುದು, ಸಲಿಕೆ ಹಿಡಿದು ಮಣ್ಣು ಅಗೆಯುವುದು ಇಂಥವು. ಯಾವುದು ಬೆನ್ನಿಗೆ ಎಷ್ಟು ಅಪಾಯ ಎಂದು ತೋರುತ್ತದೋ ಅದಕ್ಕೆ ತಕ್ಕಂತೆ, ಸೊನ್ನೆಯಿಂದ ನೂರರವರೆಗೆ ಅಂಕ ಬರೆದ ಉಷ್ಣಮಾಪಕದ ಚಿತ್ರದ ಮೇಲೆ ಅವನ್ನು ಜೋಡಿಸಬೇಕು. ನಂತರ ಕೆಳಗಿನಿಂದ ಶುರುಮಾಡಿ ಒಂದೊಂದನ್ನೇ ಚಿಕಿತ್ಸಕರ ಎದುರಲ್ಲಿ ನಿಜವಾಗಿ ಮಾಡಿ ನೋಡುವುದು. ಮಾಡುವ ಮೊದಲು ‘ಏನಾಗುತ್ತದೆಂದು ಅನಿಸುತ್ತದೆ?’ ಎಂದು ಕೇಳುವುದು, ಮಾಡಿದ ಮೇಲೆ ‘ಏನಾಯಿತು?’ ಎಂದು ಕೇಳುವುದು. 2001ರಲ್ಲಿ ಪ್ರಕಟವಾದ ಇಂಥದೊಂದು ಪ್ರಯೋಗದಲ್ಲಿದ್ದವರು ನಾಲ್ಕೇ ರೋಗಿಗಳು. ಅವರ ಹೆದರಿಕೆ ಇಳಿದದ್ದು ಹೀಗೆ ಮಾಡಿ ನೋಡಲು ತೊಡಗಿದ ಮೇಲೆಯೇ. ಸ್ವಭಾವ ಹಾಗೇ ಇದ್ದು ನಂಬಿಕೆ ಮಾತ್ರ ಬದಲಾದರೂ ಕೆಲಸ ನಡೆಯುತ್ತದೆ. 2023ರಲ್ಲಿ ಆಸ್ಟ್ರೇಲಿಯಾದಿಂದ ಬಂದ ದೊಡ್ಡ ಪ್ರಯೋಗವೂ ಇದೇ ದಾರಿಯದು. ದೀರ್ಘಕಾಲದ, ಕೆಲಸಕ್ಕೆ ಅಡ್ಡಿಯಾಗುವಂಥ ಸೊಂಟನೋವಿನ 492 ಜನರಲ್ಲಿ ಕೆಲವರಿಗೆ ಫಿಸಿಯೋಥೆರಪಿಸ್ಟರು ಹನ್ನೆರಡು ವಾರಗಳಲ್ಲಿ ಏಳು ಭೇಟಿಯವರೆಗೆ, ಒಬ್ಬೊಬ್ಬರ ನಂಬಿಕೆ, ಹೆದರಿಕೆ, ಚಲನೆಯ ರೀತಿಗೆ ಹೊಂದಿಸಿದ ತರಬೇತಿ ಕೊಟ್ಟರು. ಎಂದಿನ ಚಿಕಿತ್ಸೆ ಪಡೆದವರಿಗಿಂತ ಇವರ ದೈನಂದಿನ ಚಟುವಟಿಕೆ ಬಹಳ ಸುಧಾರಿಸಿತು, ವರ್ಷದ ಕೊನೆಗೂ ಆ ಲಾಭ ಉಳಿದಿತ್ತು.

ಸೋತ ಪ್ರಯೋಗಗಳನ್ನು ಮುಚ್ಚಿಟ್ಟರೆ ಈ ಲೇಖನ ಜಾಹೀರಾತಾದೀತು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯ ನಂತರವೂ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ನೋವು ಉಳಿಯುತ್ತದೆ, ಕೆಟ್ಟದ್ದನ್ನೇ ಊಹಿಸುವವರಲ್ಲಿ ಅದರ ಸಂಭವ ಹೆಚ್ಚು. ಅಂಥ 402 ಜನರನ್ನು ಆರಿಸಿ, ಕೆಲವರಿಗೆ ನೋವು ನಿಭಾಯಿಸುವ ತರಬೇತಿ ಕೊಟ್ಟು ನೋಡಿದ ಅಮೆರಿಕದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಮಂಡಿ ನೋವು ಇಳಿಯುತ್ತಿದ್ದಂತೆ ಎಲ್ಲರಲ್ಲೂ ಆ ಪ್ರವೃತ್ತಿ ಇಳಿಯಿತು. ನೋವಿನ ಮೂಲ ಸ್ಪಷ್ಟವಾಗಿದ್ದು ಅದನ್ನು ತೆಗೆಯಲು ಬರುವಾಗ ಸ್ವಭಾವದ ಪಾತ್ರ ಚಿಕ್ಕದು ಎಂದು ನಾನು ಇದನ್ನು ಓದುತ್ತೇನೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಒಂಬತ್ತು ಪ್ರಶ್ನೆಗಳ ಪಟ್ಟಿಯ ಕಥೆ ಬೇರೆಯದು. ಉತ್ತರ ನೋಡಿ ರೋಗಿಗಳನ್ನು ಮೂರು ಗುಂಪು ಮಾಡಿ, ಗುಂಪಿಗೆ ತಕ್ಕ ಚಿಕಿತ್ಸೆ ಕೊಟ್ಟಾಗ ಫಲಿತಾಂಶ ಸುಧಾರಿಸಿತು, ಖರ್ಚೂ ಇಳಿಯಿತು. ಅದರಲ್ಲಿದ್ದವರು 851 ಮಂದಿ, ವರ್ಷ 2011. ಅದೇ ಪಟ್ಟಿಯನ್ನು ಅಮೆರಿಕದ ಚಿಕಿತ್ಸಾಲಯಗಳಿಗೆ ಒಯ್ದಾಗ ಏನೂ ಲಾಭವಾಗಲಿಲ್ಲ. ಅಲ್ಲಿನ ವೈದ್ಯರು ತರಬೇತಿ ಪಡೆದರು, ಪಟ್ಟಿಯನ್ನೂ ಬಳಸಿದರು, ಆದರೆ ಬರೆದುಕೊಡುವ ಚಿಕಿತ್ಸೆಯನ್ನು ಮಾತ್ರ ಬದಲಾಯಿಸಲಿಲ್ಲ.

ನಮ್ಮ ಹೊರರೋಗಿ ವಿಭಾಗಗಳಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಐದು ನಿಮಿಷದಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಲಾಗದು, ಮಾಡಲೂಬೇಕಿಲ್ಲ. ‘ಯಾವ ಕೆಲಸ ಮಾಡಲು ಹೆದರಿಕೆ?’, ‘ಮಾಡಿದರೆ ಒಳಗೆ ಏನಾಗುತ್ತದೆಂದು ಅಂದುಕೊಂಡಿದ್ದೀರಿ?’, ‘ನೋವು ಕಡಿಮೆ ಇದ್ದ ದಿನ ಏನೇನು ಮಾಡುತ್ತೀರಿ?’ ಎಂಬ ಮೂರು ಪ್ರಶ್ನೆಗೆ ಎರಡು ನಿಮಿಷ ಸಾಕು. ಹೆದರುವವರೂ ಮುನ್ನುಗ್ಗುವವರೂ ಉತ್ತರದಲ್ಲೇ ಬೇರೆಯಾಗುತ್ತಾರೆ. ಸಮಯವೇ ಬೇಡದ ಇನ್ನೊಂದು ಕೆಲಸವೂ ಇದೆ: ‘ಇನ್ನು ನೆಲದ ಮೇಲೆ ಕೂರಬೇಡಿ, ಜನ್ಮದಲ್ಲಿ ಭಾರ ಎತ್ತಬೇಡಿ’ ಎಂಬ ಮಾತನ್ನು ಕಾರಣವಿಲ್ಲದೆ ಆಡದಿರುವುದು. ಮುನ್ನುಗ್ಗುವವರು ಅದನ್ನು ಬಾಗಿಲಲ್ಲೇ ಮರೆಯುತ್ತಾರೆ, ಆತಂಕದವರು ಇಪ್ಪತ್ತು ವರ್ಷ ಪಾಲಿಸುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1997ರಿಂದ 1999ರವರೆಗೆ ಟಿವಿ ಜಾಹೀರಾತುಗಳ ಮೂಲಕ, ಬೆನ್ನುನೋವೆಂದು ಮಲಗಬೇಡಿ, ಓಡಾಡಿಕೊಂಡಿರಿ ಎಂದು ಜನರಿಗೆ ಹೇಳಿತು. ನೆರೆಯ ನ್ಯೂ ಸೌತ್ ವೇಲ್ಸ್‌ನಲ್ಲಿ ಅಂಥ ಪ್ರಚಾರ ಇರಲಿಲ್ಲ. ವಿಕ್ಟೋರಿಯಾದಲ್ಲಿ ಜನರ ನಂಬಿಕೆ ಬದಲಾಯಿತು, ವೈದ್ಯರದೂ ಬದಲಾಯಿತು, ಬೆನ್ನುನೋವಿನ ಪರಿಹಾರ ಕೋರಿ ಬರುವ ಅರ್ಜಿಗಳು ಶೇ 15ಕ್ಕಿಂತ ಹೆಚ್ಚು ಇಳಿದವು. ಅಲ್ಲಿ ಯಾರ ಸ್ವಭಾವವನ್ನೂ ಯಾರೂ ಅಳೆದಿರಲಿಲ್ಲ.